ಬ್ಯಾಟರಿ ರೈಲು, ಅಂಗಡಿ ಕ್ಲೇ, ಜೋಳದ ಹಿಟ್ಟು: ನಮ್ಮ ಮನೆಯಲ್ಲಿ ಯಾವುದು ನಡೆಯಿತು?

ಮಗನಿಗೆ ನಾಲ್ಕು ವರ್ಷ, ಆಟಿಸಂ ಇದೆ, ಅಂದರೆ ಇನ್ನೊಬ್ಬರ ಜೊತೆ ಬೆರೆಯೋದು, ಮಾತಾಡೋದು ಅವನಿಗೆ ಸುಲಭವಲ್ಲ. ಮಗಳಿಗೆ ಎರಡು ತುಂಬಿದೆ. ಇಬ್ಬರೂ ಒಂದೇ ಕಡೆ ಕೂತು ಆಡುವಂಥದ್ದು ಏನಾದರೂ ಸಿಗುತ್ತಾ ಅಂತ ಕೊಪ್ಪಳದ ನಮ್ಮ ಮನೆಯಲ್ಲಿ ಒಂದೊಂದೇ ಮಾಡಿ ನೋಡಿದ್ದೇವೆ. ನಾನು ನೋಡಿದ್ದು ಇಷ್ಟೇ: ಆಟ ಮುಂದೆ ಸಾಗೋಕೆ ಅವನಿಗೆ ಇನ್ನೊಬ್ಬರು ಬೇಕಾಗುತ್ತಾ, ಇಲ್ವಾ?

ಬ್ಯಾಟರಿ ರೈಲಿಗೆ ಯಾರೂ ಬೇಡ. ಸ್ವಿಚ್ ಒತ್ತಿದರೆ ಲೈಟು, ಹಾಡು, ಓಟ ಎಲ್ಲಾ ಅದೇ ನೋಡಿಕೊಳ್ಳುತ್ತೆ. ಮಗ ನೆಲಕ್ಕೆ ಕೆನ್ನೆ ಹಚ್ಚಿ ಗಾಲಿ ತಿರುಗೋದನ್ನೇ ನೋಡುತ್ತಾ ಮಲಗುತ್ತಾನೆ. ಖುಷಿಯಾಗೇ ಇರುತ್ತಾನೆ, ಅದನ್ನು ಕಿತ್ತುಕೊಳ್ಳಿ ಅಂತ ನಾನು ಹೇಳಲ್ಲ. ನನಗೂ ಅಷ್ಟೊತ್ತು ಚಹಾ ಕುಡಿಯೋಕೆ ಬಿಡುವು. ಆದರೆ ತಂಗಿ ಹತ್ತಿರ ಬಂದರೆ ಅವಳು ಬರೀ ಅಡ್ಡಿ. ಮೊಬೈಲನ್ನಂತೂ ಈ ಲೆಕ್ಕಕ್ಕೇ ಹಿಡಿದಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಮ್ಮಲ್ಲಿ ಊಟ ಮಾಡಿಸೋದರಲ್ಲೇ ಆ ಗಂಟೆ ಮುಗಿದುಹೋಗುತ್ತೆ!

ಅಂಗಡಿ ಕ್ಲೇ ಬಣ್ಣಬಣ್ಣದ್ದು, ಮೆತ್ತಗಿರುತ್ತೆ, ಮಗಳಿಗೆ ಬಲು ಇಷ್ಟ. ಮಗನಿಗೆ ಅದರ ವಾಸನೆ ಆಗಿಬರಲ್ಲ. ಬೆರಳಿಗೆ ಅಂಟಿದರಂತೂ ಕೈ ಝಾಡಿಸಿ ಎದ್ದು ಹೋಗುತ್ತಾನೆ. ಚಪಾತಿ ಹಿಟ್ಟಿಗೂ ಅದೇ ಕತೆ, ಗೋಧಿಯಲ್ಲಿ ಜಿಗುಟು ಇರುತ್ತಲ್ಲ. ಜೋಳದಲ್ಲಿ ಆ ಜಿಗುಟು ಇಲ್ಲ, ಅದಕ್ಕೇ ಬಿಸಿ ಎಸರು ಹಾಕಿ ನಾದಬೇಕು. ಕೈಗೆ ಹತ್ತಿದ್ದನ್ನು ಒಣಹಿಟ್ಟಲ್ಲಿ ಉಜ್ಜಿದರೆ ಉದುರಿ ಹೋಗುತ್ತೆ. ಅಷ್ಟಕ್ಕೇ ಅವನು ಕೂತ.

ಹಿಟ್ಟು ಆರಿದ ಮೇಲೆ ಒಂದು ಉಂಡೆ ಅವನಿಗೆ, ಒಂದು ಅವಳಿಗೆ. ಅತ್ತೆ ರೊಟ್ಟಿ ಬಡಿಯೋಕೆ ಶುರು ಮಾಡುತ್ತಾರೆ, ಪಟ ಪಟ ಪಟ. ನಡುವೆ ಕೈ ಮೇಲೆತ್ತಿ ಸುಮ್ನೆ ನಿಲ್ಲಿಸುತ್ತಾರೆ. ಏನೂ ಕೇಳಲ್ಲ. ಮೊದಮೊದಲು ಅವನು ಅವರ ಮಣಿಕಟ್ಟು ಹಿಡಿದು ಹಿಟ್ಟಿನ ಮೇಲೆ ಇಡುತ್ತಿದ್ದ. ಕೈ ಬೇಕು, ಮುಖ ಬೇಡ. ಈಗ ಮುಖ ನೋಡುತ್ತಾನೆ. ಒಮ್ಮೊಮ್ಮೆ "ಪಟ" ಅನ್ನುತ್ತಾನೆ, ಅತ್ತೆ ತಕ್ಷಣ ಬಡಿಯುತ್ತಾರೆ. ತಂಗಿಯೂ ನೋಡಿ ಕಲಿತಿದ್ದಾಳೆ, ತಾನೂ ಕೈ ಎತ್ತಿ ಅಣ್ಣನ ಮುಖ ನೋಡುತ್ತಾಳೆ. ಥೆರಪಿಸ್ಟ್ ಹೇಳಿಕೊಟ್ಟಿದ್ದೂ ಇದನ್ನೇ: ಮಗುವಿಗೆ ಗೊತ್ತಿರೋ ಆಟವನ್ನು ನಡುವೆ ನಿಲ್ಲಿಸಿ, ಕಾಯಿರಿ. ಕಾಯೋದು ಅತ್ತೆಗೆ ಬರುತ್ತೆ. ನಮ್ಮೆಜಮಾನರಿಗೆ ಬರಲ್ಲ, "ಹೇಳು, ಹೇಳು" ಅಂತ ಜೀವ ತಿನ್ನುತ್ತಾರೆ.

ತೊಂದರೆ ಇಲ್ಲ ಅಂತಲ್ಲ. ಒಲೆ ಪಕ್ಕದಲ್ಲಿ ಮಕ್ಕಳನ್ನು ಕೂರಿಸೋ ಹಾಗಿಲ್ಲ, ನಾವು ಪಡಸಾಲೆಯಲ್ಲಿ ಬಡಿದು ಒಳಗೆ ಒಯ್ದು ಬೇಯಿಸುತ್ತೇವೆ. ಹಸಿ ಹಿಟ್ಟು ಬಾಯಿಗೆ ಹೋಗದಂತೆ ಕಣ್ಣಿಡಬೇಕು. ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಗುವಾದರೆ ಈ ಆಟವೇ ಬೇಡ.

ಉಯ್ಯಾಲೆಯಲ್ಲೂ ಇದೇ ಲೆಕ್ಕ. ಪಾರ್ಕಿನಲ್ಲಿ ಸಂಜೆ ಗದ್ದಲ, ಸರದಿ ಕಾಯಬೇಕು. ಮನೆಯ ಸೀರೆ ಜೋಕಾಲಿ ಮೈಯನ್ನು ಸುತ್ತಲೂ ಬಿಗಿಯಾಗಿ ಹಿಡಿಯುತ್ತೆ, ಅವನಿಗೆ ಅದೇ ಹಿತ. ತೂಗೋಕೆ ಒಬ್ಬರು ಬೇಕೇ ಬೇಕು, ನಿಲ್ಲಿಸಿದರೆ ತಲೆ ಹೊರಗೆ ಹಾಕಿ ನೋಡುತ್ತಾನೆ. ಆದರೆ ಸೀರೆಯಲ್ಲಿ ಬಿಟ್ಟು ನಾನು ಒಂದು ನಿಮಿಷವೂ ಒಳಗೆ ಹೋಗಲ್ಲ, ಕುತ್ತಿಗೆಗೆ ಸುತ್ತಿಕೊಂಡರೆ ಕಷ್ಟ. ಕೆಲಸ ಜಾಸ್ತಿ ಇರೋ ದಿನ ರೈಲೇ ಗತಿ.