ಹತ್ತು ರಾಗಿ ಸಸಿ, ಮೂರು ಸಾಫ್ಟ್‌ವೇರ್: ಆರ್, ಪೈಥಾನ್, ಎಕ್ಸೆಲ್

ಮೊದಲೇ ಹೇಳಿಬಿಡುತ್ತೇನೆ, ಸ್ಟ್ಯಾಟಿಸ್ಟಿಕ್ಸ್ ಲೆಕ್ಕಕ್ಕೆ ನನ್ನ ಓಟು ಆರ್‌ಗೆ. ಯಾಕೆ ಅನ್ನೋದಕ್ಕೆ 3,000 ರೂಪಾಯಿಯ ಒಂದು ಕಥೆ ಇದೆ.

ಎಂಎಸ್ಸಿ ಬಾಟನಿ ಮೊದಲ ವರ್ಷ ಸ್ಟ್ಯಾಟಿಸ್ಟಿಕ್ಸ್ ಪೇಪರ್ ಬಂತು. 'ಪೈಥಾನ್ ಕಲಿ, ಮುಂದೆ ಕೆಲಸಕ್ಕೂ ಆಗುತ್ತೆ' ಅಂದ ಅಣ್ಣ. ಆ 3,000 ಕೊಟ್ಟು ಆನ್‌ಲೈನ್ ಕೋರ್ಸ್ ಸೇರಿದೆ. ಅಲ್ಲಿ ಎಲ್ಲವೂ ಸಾವಿರಾರು ಸಾಲಿನ ಡೇಟಾ. ನನ್ನ ಹತ್ತಿರ ಇದ್ದದ್ದು ಹತ್ತು ಕಪ್ ರಾಗಿ ಸಸಿ. ಐದಕ್ಕೆ ಬರೀ ಮಣ್ಣು, ಐದಕ್ಕೆ ಎರೆಗೊಬ್ಬರ.

ಮಣ್ಣಿನವು 4, 5, 6, 7, 8 ಸೆಂಟಿಮೀಟರ್ ಬೆಳೆದಿದ್ದವು. ಗೊಬ್ಬರದವು 7, 8, 10, 12, 13. ಸರಾಸರಿ 6 ಮತ್ತು 10. ಈ ವ್ಯತ್ಯಾಸ ನಿಜವೋ ಸುಮ್ನೆ ಬಂದದ್ದೋ ಅಂತ ನೋಡಲು ಟಿ-ಟೆಸ್ಟ್ ಮಾಡಬೇಕು. ಪೈಥಾನ್‌ನ ನಂಪೈ ಎಂಬ ಲೆಕ್ಕದ ಪ್ಯಾಕೇಜಿನಿಂದ ಸ್ಟ್ಯಾಂಡರ್ಡ್ ಡೀವಿಯೇಶನ್ (ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋ ಅಂಕಿ) ತೆಗೆದು, ಸೂತ್ರ ನಾನೇ ಬರೆದೆ. ಟಿ ಬಂದದ್ದು 3.33. ಪಕ್ಕದಲ್ಲಿ ಕೂತಿದ್ದ ಗೆಳತಿ ಕ್ಯಾಲ್ಕುಲೇಟರ್ ಒತ್ತಿ 2.98 ಅಂದಳು. ಅವಳೇ ತಪ್ಪು ಒತ್ತಿರಬೇಕು ಅಂತ ನಕ್ಕೆ. ಕಂಪ್ಯೂಟರ್ ತಪ್ಪುತ್ತಾ, ಅಲ್ವಾ?

ರಾತ್ರಿ ಒಂದು ಗಂಟೆಯವರೆಗೆ ಹುಡುಕಿದೆ. ಮಣ್ಣಿನ ಸಸಿಗಳ ಡೀವಿಯೇಶನ್ ನನಗೆ 1.41, ಅವಳಿಗೆ 1.58. ಸರಾಸರಿಯಿಂದ ಇರುವ ದೂರಗಳ ವರ್ಗ ಕೂಡಿದರೆ ಇಬ್ಬರಿಗೂ 10. ನಂಪೈ ಅದನ್ನು ಐದರಿಂದ ಭಾಗಿಸಿತ್ತು, ಅವಳು ನಾಲ್ಕರಿಂದ. ಸರಿಯಾದದ್ದು ನಾಲ್ಕೇ. ಯಾಕೆಂದರೆ ಸರಾಸರಿಯನ್ನೂ ಅದೇ ಐದು ಸಸಿಗಳಿಂದ ತೆಗೆದಿರುತ್ತೇವೆ. ಅದು ಅವುಗಳ ನಟ್ಟನಡುವೆಯೇ ಬಂದು ಕೂರುತ್ತದೆ, ಹಾಗಾಗಿ ದೂರಗಳು ಇರಬೇಕಾದ್ದಕ್ಕಿಂತ ಕಡಿಮೆ ಕಾಣುತ್ತವೆ. ಒಂದು ಕಳೆದು ಭಾಗಿಸುವುದು ಆ ಕೊರತೆ ತುಂಬಲು. ಐನೂರು ಸಸಿ ಇದ್ದಿದ್ದರೆ ಈ ವ್ಯತ್ಯಾಸ ಕಣ್ಣಿಗೇ ಬೀಳುತ್ತಿರಲಿಲ್ಲ.

ನಂಪೈ ಇದನ್ನೇನೂ ಮುಚ್ಚಿಟ್ಟಿಲ್ಲ. ಕೈಪಿಡಿಯಲ್ಲೇ ಇದೆ, ಒಂದು ಸೆಟ್ಟಿಂಗ್ ಬದಲಿಸಿದರೆ ನಾಲ್ಕರಿಂದಲೇ ಭಾಗಿಸುತ್ತದೆ. ಆದರೆ ಅದೇ ಪೈಥಾನ್‌ನ ಪಾಂಡಾಸ್ ಎಂಬ ಇನ್ನೊಂದು ಪ್ಯಾಕೇಜ್ ನಾವು ಏನೂ ಹೇಳದೆಯೇ ನಾಲ್ಕರಿಂದ ಭಾಗಿಸುತ್ತದೆ. ಒಂದೇ ಮನೆ, ಎರಡು ಲೆಕ್ಕ! ಪೈಥಾನ್‌ನದೇ ಮತ್ತೊಂದು ಪ್ಯಾಕೇಜ್ ಸೈಪೈನ ರೆಡಿಮೇಡ್ ಟಿ-ಟೆಸ್ಟ್ ಬಳಸಿದ್ದರೆ 2.98 ಸಿಗುತ್ತಿತ್ತು. ಜಾಣತನ ತೋರಿಸಲು ಹೋಗಿದ್ದು ನಾನು.

ಆರ್‌ನಲ್ಲಿ ಡೀವಿಯೇಶನ್ ಕೇಳಿದರೆ ನೇರವಾಗಿ 1.58. ಅದನ್ನು ಕಟ್ಟಿದವರು ಆಕ್ಲೆಂಡ್ ವಿಶ್ವವಿದ್ಯಾಲಯದ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರುಗಳು, ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್. ನಮ್ಮಂಥವರ ಹತ್ತಿರ ಇರುವುದು ಯಾವಾಗಲೂ ಸ್ಯಾಂಪಲ್ (ಇಡೀ ಸಮೂಹವಲ್ಲ, ಅದರಿಂದ ತೆಗೆದ ಕೆಲವು ಮಾತ್ರ) ಅನ್ನೋದು ಅವರಿಗೆ ಗೊತ್ತಿರದೇ ಇರುತ್ತಾ?

ಹಾಗಂತ ಆರ್ ಸಾಧು ಪ್ರಾಣಿಯಲ್ಲ. ಅದರ ಟಿ-ಟೆಸ್ಟ್ ಓಡಿಸಿದೆ. ಟಿ 2.98 ಸರಿ, ಆದರೆ ಡಿಗ್ರೀಸ್ ಆಫ್ ಫ್ರೀಡಂ (ಟಿ ಎಷ್ಟು ದೊಡ್ಡದಿದ್ದರೆ ನಂಬಬಹುದು ಅಂತ ನೋಡಲು ಬೇಕಾದ ಸಂಖ್ಯೆ) 6.68 ಅಂತ ಬಂತು. ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದು ಐದು ಕೂಡಿಸು ಐದು, ಎರಡು ಕಳೆ, ಎಂಟು. 'ಇದೇನಮ್ಮಾ, ಪಾಯಿಂಟ್ ಆರು ಎಂಟು?' ಅಂದರು ಗೈಡ್ ಮೇಡಂ. ಎರಡು ಗುಂಪುಗಳ ಏರಿಳಿತ (ವೇರಿಯನ್ಸ್) ಒಂದೇ ಎಂದು ಆರ್ ತಾನಾಗಿ ಒಪ್ಪುವುದಿಲ್ಲ, ವೆಲ್ಚ್ ವಿಧಾನ ಹಿಡಿಯುತ್ತದೆ. ಎಂಟು ಬೇಕಿದ್ದರೆ ವೇರಿಯನ್ಸ್ ಒಂದೇ ಎಂದು ನಾವೇ ಹೇಳಬೇಕು.

ಇನ್ನೊಂದು ತರಲೆ. ವಿಂಡೋಸ್‌ನಿಂದ ಫೈಲಿನ ವಿಳಾಸ ಕಾಪಿ ಮಾಡಿ ಹಾಕಿದರೆ ಎರರ್, ಅದರಲ್ಲಿನ \ ಗೆರೆಗಳನ್ನೆಲ್ಲ / ಅಂತ ತಿರುಗಿಸಬೇಕು.

ಎಕ್ಸೆಲ್‌ನಲ್ಲಿ ಡೀವಿಯೇಶನ್ ತೆಗೆಯಲು ಸ್ಯಾಂಪಲ್‌ಗೆ ಎಸ್, ಇಡೀ ಸಮೂಹಕ್ಕೆ ಪಿ ಅಂತ ಎರಡು ಫಂಕ್ಷನ್ ಇವೆ. ನಾವೇ ಆರಿಸಬೇಕು, ಅದು ಒಳ್ಳೆಯದೇ. ಡೇಟಾ ತುಂಬಲು ಈಗಲೂ ಅದೇ ಬೇಕು ನನಗೆ. ಆದರೆ ಜೀನ್‌ಗಳ ಹೆಸರು ತುಂಬುವವರು ಹುಷಾರು. 'ಮಾರ್ಚ್1' ಎಂಬ ಜೀನ್ ತಾರೀಖಾಗಿಬಿಡುತ್ತಿತ್ತು. ಕಡೆಗೆ ಜೀನ್‌ಗಳಿಗೆ ಹೆಸರಿಡುವ ಸಮಿತಿ ಅಂಥ ಜೀನ್‌ಗಳ ಹೆಸರನ್ನೇ ಬದಲಿಸಿತು, ಸುದ್ದಿಯಾಗಿದ್ದು 2020ರಲ್ಲಿ.

ನನ್ನದು ಅಣ್ಣ ಬಿಟ್ಟುಕೊಟ್ಟ 4 ಜಿಬಿ ಲ್ಯಾಪ್‌ಟಾಪ್. ಬಜೆಟ್ ಸೊನ್ನೆ, ಇದ್ದ 3,000 ಆಗಲೇ ಹೋಗಿತ್ತು. ಆರ್ ಪುಕ್ಕಟೆ, ಈ ಮೆಷಿನ್‌ನಲ್ಲೂ ಓಡುತ್ತದೆ. ಡೇಟಾ ಸೈನ್ಸ್ ಕೆಲಸ ಹುಡುಕುವವರು ಪೈಥಾನ್‌ಗೇ ಹೋಗಲಿ. ನನಗೆ ಗಿಡ ಸಾಕು.

ಪರೀಕ್ಷೆಗೆ ಮಾತ್ರ ಕ್ಯಾಲ್ಕುಲೇಟರೇ ಗತಿ. ಅದರಲ್ಲಿ ಎರಡೂ ಡೀವಿಯೇಶನ್ ಇರುತ್ತವೆ. ಹೊಸದು ಯಾವುದು ಕೈಗೆ ಬಂದರೂ ಮೊದಲು 4, 5, 6, 7, 8 ಒತ್ತುತ್ತೇನೆ. 1.58 ಎಲ್ಲಿ ಬರುತ್ತದೋ ಆ ಬಟನ್ ಪಕ್ಕ ಪೆನ್ನಿನಲ್ಲಿ ಒಂದು ಚುಕ್ಕೆ.