ರನ್ನಿಂಗ್ ಬಿಲ್ ತಂತ್ರಾಂಶ: ಲೆಕ್ಕ ಗಟ್ಟಿ, ಹೆಚ್ಚುವರಿ ಕೆಲಸದಲ್ಲಿ ದೋಷ

ವಾಣಿಜ್ಯ ಕಟ್ಟಡಗಳ ವಿದ್ಯುತ್ ಕೆಲಸದ ಉಪಗುತ್ತಿಗೆ ನನ್ನದು. ತಿಂಗಳ ರನ್ನಿಂಗ್ ಬಿಲ್ಲನ್ನು, ಅಂದರೆ ಮುಗಿದಷ್ಟು ಕೆಲಸಕ್ಕೆ ಹಂತಹಂತವಾಗಿ ಹಣ ಕೇಳುವ ಬಿಲ್ಲನ್ನು, ಈಗ ಈ ತಂತ್ರಾಂಶದಲ್ಲೇ ತಯಾರಿಸುತ್ತೇನೆ. ಹಿಂದಿನ ಬಿಲ್ಲಿನ ಮೊತ್ತವನ್ನು ಅದು ತಾನೇ ಮುಂದಕ್ಕೆ ತರುತ್ತದೆ. ಕೇಬಲ್ ಟ್ರೇ ಅಳವಡಿಕೆ ಶೇ 40ರಿಂದ 65ಕ್ಕೆ ಏರಿದೆ ಎಂದು ನಮೂದಿಸಿದರೆ ಸಾಕು. ಈ ಅವಧಿಯ ಶೇ 25ರ ಬೆಲೆ, ಅದರಲ್ಲಿ ಕೆಲಸದ ಭದ್ರತೆಗೆಂದು ತಡೆಹಿಡಿಯುವ ಶೇ 10ರ ಮೊತ್ತ (ರಿಟೆನ್ಷನ್), ಕೈಗೆ ಬರಬೇಕಾದ ಹಣ ಬೇರೆ ಬೇರೆಯಾಗಿ ಕಾಣುತ್ತವೆ. ನಿವೇಶನಕ್ಕೆ ಬಂದು ಇನ್ನೂ ಅಳವಡಿಸದ ಸಾಮಗ್ರಿಗೂ ಪ್ರತ್ಯೇಕ ಕಾಲಂ ಇದೆ. ಅದಿಲ್ಲದಿದ್ದರೆ ಪ್ಯಾನೆಲ್‌ಗಳಿಗೆ ಹಾಕಿದ ಬಂಡವಾಳ ತಿಂಗಳುಗಟ್ಟಲೆ ಸಿಕ್ಕಿಬೀಳುತ್ತದೆ.

ಆದರೆ ಅನುಮೋದನೆಯಾಗದ ಹೆಚ್ಚುವರಿ ಕೆಲಸವನ್ನೂ ಗುತ್ತಿಗೆಯ ಒಟ್ಟು ಮೊತ್ತಕ್ಕೆ ಸೇರಿಸಿಬಿಡುತ್ತದೆ. ಇದು ಗಂಭೀರ ದೋಷ. ಆ ಒಂದು ಸಾಲಿಗಾಗಿ ಇಡೀ ಬಿಲ್ಲೇ ಹಿಂತಿರುಗಬಹುದು. ಆಗ ನಮಗೆ ಹಣ ಬರುವುದು ತಡವಾದರೂ ಕಾರ್ಮಿಕರ ಕೂಲಿಯನ್ನಂತೂ ನಾವು ತಡೆಯಲಾಗದು. ಸರಿಪಡಿಸುವವರೆಗೆ ಐದಕ್ಕೆ ಮೂರೂವರೆ ನಕ್ಷತ್ರ.