ಆರ್‌ಟಿಎಕ್ಸ್ 5070 ಟಿಐ: ಕಾರ್ಡ್ ಸೂಪರ್, ಆದರೆ ಮೊದಲು ಯುಪಿಎಸ್ ನೋಡಿಕೊಳ್ಳಿ

ಆರು ವರ್ಷ ಒಂದೇ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಆಡಿದೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 2060, 6 ಜಿಬಿ ಮೆಮೊರಿ. 2019ರಲ್ಲಿ ತಗೊಂಡಿದ್ದು, ಒಂದು ದಿನವೂ ಕೈ ಕೊಡಲಿಲ್ಲ. ಆದರೆ 27 ಇಂಚಿನ 1440ಪಿ (2560×1440 ಪಿಕ್ಸೆಲ್) ಮಾನಿಟರ್ ಮನೆಗೆ ಬಂದ ಮೇಲೆ ಅದಕ್ಕೆ ಏದುಸಿರು ಶುರುವಾಯಿತು. ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್ ಗೇಮ್ ಕನಿಷ್ಠ ಅಂತ ಕೇಳುವುದೇ 8 ಜಿಬಿಯ 2060 ಸೂಪರ್. ನನ್ನದು ಅದಕ್ಕೂ ಕೆಳಗೆ. ಅಲ್ಲಿಗೆ ಹೊಸದು ತಗೊಳ್ಳಲೇಬೇಕು ಅಂತ ಗಟ್ಟಿಯಾಯಿತು.

ಒಂದು ಲಕ್ಷದ ಒಳಗೆ ಎಲ್ಲಾ ಮುಗಿಯಬೇಕು ಅಂತ ದುಡ್ಡು ಎತ್ತಿಟ್ಟಿದ್ದೆ. ಕಣ್ಣ ಮುಂದೆ ಮೂರು ಕಾರ್ಡ್ ಇದ್ದವು. ಎನ್‌ವಿಡಿಯಾದ ಆರ್‌ಟಿಎಕ್ಸ್ 5080, 5070 ಟಿಐ, ಎಎಂಡಿಯ ಆರ್‌ಎಕ್ಸ್ 9070 ಎಕ್ಸ್‌ಟಿ. ಮೂರೂ 2025ರ ಮೊದಲ ಮೂರು ತಿಂಗಳಲ್ಲಿ ಬಂದವು, ಮೂರಕ್ಕೂ 16 ಜಿಬಿ ಮೆಮೊರಿ, ಮೆಮೊರಿಗೆ ಹೋಗಿಬರುವ ದಾರಿ (ಬಸ್) ಮೂರಕ್ಕೂ 256 ಬಿಟ್. 5080ರಲ್ಲಿ 10,752 ಕೋರ್ (ಲೆಕ್ಕ ಮಾಡುವ ಚಿಕ್ಕ ಘಟಕಗಳು), 5070 ಟಿಐನಲ್ಲಿ 8,960. ಎನ್‌ವಿಡಿಯಾ ಭಾರತಕ್ಕೆ ಹೇಳಿದ ಶುರುವಿನ ಬೆಲೆ 5080ಕ್ಕೆ 1,07,000 ರೂಪಾಯಿ, 5070 ಟಿಐಗೆ 80,000. ಇಪ್ಪತ್ತೇಳು ಸಾವಿರ ಜಾಸ್ತಿ ಕೊಟ್ಟರೂ ಮೆಮೊರಿ ಅಷ್ಟೇ ಇರುತ್ತೆ ಅಂದ ಮೇಲೆ ನನ್ನ ಮನಸ್ಸು ಒಪ್ಪಲಿಲ್ಲ. 4ಕೆ ಮಾನಿಟರ್ ಇದ್ದವರ ಲೆಕ್ಕ ಬೇರೆ ಇರಬಹುದು. 1440ಪಿಗೆ 5080 ಬೇಕಾಗಿಲ್ಲ, ಇದು ನನ್ನ ಖಚಿತ ಅಭಿಪ್ರಾಯ.

9070 ಎಕ್ಸ್‌ಟಿ ವಿಷಯದಲ್ಲಿ ಮಾತ್ರ ತುಂಬಾ ದಿನ ಯೋಚಿಸಿದೆ. ನಾನು ವಿಚಾರಿಸಿದಾಗ ಅದು ಹತ್ತು ಸಾವಿರಕ್ಕೂ ಮಿಕ್ಕಿ ಕಡಿಮೆ ಇತ್ತು. ಎಷ್ಟೋ ಮಾದರಿಗಳಿಗೆ ಹಳೇ 8 ಪಿನ್ ಪವರ್ ಕೇಬಲ್ಲೇ ಸಾಕು, ಅದು ದೊಡ್ಡ ನೆಮ್ಮದಿ. ಕಡಿಮೆ ಪಿಕ್ಸೆಲ್‌ನ ಚಿತ್ರವನ್ನು ಹಿಗ್ಗಿಸುವ ಎಎಂಡಿಯ ತಂತ್ರ ಎಫ್‌ಎಸ್‌ಆರ್ 4 ಬಂದ ಮೇಲೆ ಚಿತ್ರದ ಗುಣಮಟ್ಟವೂ ಮುಂಚಿನ ಹಾಗೆ ಮಸುಕಾಗಿಲ್ಲ. ಆದರೆ ನಾನು ಜಾಸ್ತಿ ಆಡುವುದು ಸೈಬರ್‌ಪಂಕ್ 2077, ಅದೂ ಪಾತ್ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕಿ ದೃಶ್ಯ ಬಿಡಿಸುವ ವಿಧಾನ) ಹಾಕಿಕೊಂಡು. ಅಲ್ಲಿ ಎನ್‌ವಿಡಿಯಾ ಇನ್ನೂ ಮುಂದಿದೆ. ಪಾತ್ ಟ್ರೇಸಿಂಗ್ ಬೇಡ ಅನ್ನುವವರು ಕಣ್ಣು ಮುಚ್ಚಿಕೊಂಡು 9070 ಎಕ್ಸ್‌ಟಿ ತಗೊಳ್ಳಿ, ಉಳಿದ ದುಡ್ಡಿಗೆ ಒಳ್ಳೇ ಎಸ್‌ಎಸ್‌ಡಿ ಬರುತ್ತೆ.

ಕೊನೆಗೆ ತಗೊಂಡಿದ್ದು ಎಂಎಸ್‌ಐ ವೆಂಟಸ್ 3ಎಕ್ಸ್. ಮೂರು ಫ್ಯಾನ್, ಬಣ್ಣದ ಲೈಟ್ ಇಲ್ಲ. ಲೈಟ್ ಇರುವ ಮಾದರಿಗೆ ಏಳೆಂಟು ಸಾವಿರ ಜಾಸ್ತಿ ಹೇಳಿದರು. ಒಳಗಿರುವ ಚಿಪ್ ಅದೇ ಅಲ್ವಾ, ಸುಮ್ನೆ ಯಾಕೆ ಕೊಡಬೇಕು.

ಮೈಸೂರಿನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ಒಂದೇ ಸ್ಟಾಪು, ಚಿಕ್ಕಪೇಟೆ. ಅಲ್ಲಿಂದ ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡಿಗೆ ನಡೆದುಕೊಂಡೇ ಹೋಗಬಹುದು. ಕಾರು ತರಬೇಡಿ, ಆ ಗಲ್ಲಿಗಳಲ್ಲಿ ಬೈಕ್ ನಿಲ್ಲಿಸಲಿಕ್ಕೂ ಜಾಗ ಸಿಗೋದಿಲ್ಲ. ಮೊದಲು ಹೋದ ಅಂಗಡಿಯಲ್ಲಿ ಕಾರ್ಡ್ ಬೇಕಾದರೆ ಜೊತೆಗೆ ಕ್ಯಾಬಿನೆಟ್ಟೂ ತಗೋಬೇಕು ಅಂದರು. ಎರಡನೆಯವರು ಬಿಲ್ ಇಲ್ಲದೆ ಒಂದು ಬೆಲೆ, ಬಿಲ್ ಜೊತೆಗೆ ಇನ್ನೊಂದು ಬೆಲೆ ಹೇಳಿದರು. ಇದಕ್ಕೆ ಮಾತ್ರ ದಯವಿಟ್ಟು ಒಪ್ಪಬೇಡಿ. ನಾಳೆ ಕಾರ್ಡ್ ಕೆಟ್ಟರೆ ವಾರಂಟಿಗೆ ಏನು ತೋರಿಸುತ್ತೀರಿ? ಶೇಕಡಾ 18 ಜಿಎಸ್‌ಟಿ ಇರುವ ಸಾಮಾನು, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಡಬ್ಬದ ಮೇಲಿನ ನಂಬರಿಗೆ ತಾಳೆ ನೋಡಿ.

ಮೂರನೇ ಅಂಗಡಿ ಒಳಗಲ್ಲಿಯಲ್ಲಿತ್ತು, ಇಬ್ಬರು ನಿಂತರೆ ತುಂಬಿಹೋಗುವಷ್ಟು ಜಾಗ. ಆ ಹುಡುಗ ಬೆಲೆ ಹೇಳುವ ಮುಂಚೆ ಕೇಳಿದ ಮೊದಲ ಪ್ರಶ್ನೆ, 'ಸರ್, ನಿಮ್ಮ ಪವರ್ ಸಪ್ಲೈ ಎಷ್ಟು ವ್ಯಾಟ್?' ನನ್ನದು 550. ಈ ಕಾರ್ಡ್ ಒಂದೇ 300 ವ್ಯಾಟ್ ಎಳೆಯುತ್ತೆ, ಎನ್‌ವಿಡಿಯಾ ಹೇಳುವುದು 750 ವ್ಯಾಟಿನ ಸಪ್ಲೈ. ನಾನು 850 ವ್ಯಾಟಿನ ಎಟಿಎಕ್ಸ್ 3.1 (ಪವರ್ ಸಪ್ಲೈಗಳ ಹೊಸ ಮಾನದಂಡ) ಸಪ್ಲೈ ತಗೊಂಡೆ, ಹೊಸ 16 ಪಿನ್ ಕೇಬಲ್ ಅದರ ಜೊತೆಗೇ ಬರುತ್ತೆ, ಅಡಾಪ್ಟರ್ ಗೋಜಲು ಬೇಕಿಲ್ಲ. ಕಾರ್ಡಿಗೆ 77,500, ಸಪ್ಲೈಗೆ 10,500, ಕೈಯಲ್ಲಿ ಸರಿಯಾದ ಬಿಲ್ಲು. ವಾಪಸ್ ಬರುವಾಗ ರೈಲಿನಲ್ಲಿ ಡಬ್ಬವನ್ನು ಮೇಲಿನ ರ‍್ಯಾಕಿಗೆ ಇಡಲು ಮನಸ್ಸಾಗದೆ ಮೈಸೂರು ಬರುವವರೆಗೂ ತೊಡೆ ಮೇಲೇ ಇಟ್ಟುಕೊಂಡಿದ್ದೆ.

ಜೋಡಿಸುವ ಕೆಲಸ ಕಷ್ಟವಲ್ಲ, ಅವಸರ ಮಾಡಬಾರದು ಅಷ್ಟೇ. ಮೊದಲು ಟೇಪ್ ಹಿಡಿದು ಅಳೆಯಿರಿ. ಕಾರ್ಡ್ 30 ಸೆಂಟಿಮೀಟರ್‌ಗಿಂತ ಸ್ವಲ್ಪ ಉದ್ದ. ನನ್ನ ಕ್ಯಾಬಿನೆಟ್ಟಿನಲ್ಲಿ ಹಾರ್ಡ್‌ಡಿಸ್ಕ್ ಗೂಡು ಇದ್ದದ್ದರಿಂದ 29 ಮಾತ್ರ ಸಿಗುತ್ತಿತ್ತು. ನಾಲ್ಕು ಸ್ಕ್ರೂ ಬಿಚ್ಚಿ ಗೂಡು ತೆಗೆದೆ, ಜಾಗ ಆಯಿತು. ಹಳೇ ಕಾರ್ಡ್ ಇರುವಾಗಲೇ ಡಿಡಿಯು ಅನ್ನುವ ಸಾಫ್ಟ್‌ವೇರ್ ಹಾಕಿ ಹಳೇ ಡ್ರೈವರ್ ಪೂರ್ತಿ ಅಳಿಸಿದೆ. ಆಮೇಲೆ ವೈರ್ ಕಿತ್ತು, ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಂಡು ಕೆಲಸ ಶುರು. ಸ್ಲಾಟಿನ ತುದಿಯಲ್ಲಿ ಒಂದು ಚಿಕ್ಕ ಲಾಕ್ ಇರುತ್ತೆ. ಅದು ಕಾರ್ಡಿನ ಕೆಳಗೆ ಅಡಗಿಕೊಂಡಿರುತ್ತೆ, ಬೆರಳು ತಲುಪುವುದಿಲ್ಲ. ಸ್ಕ್ರೂಡ್ರೈವರ್ ತೂರಿಸಿ ಬೋರ್ಡ್ ಗೀರಿಕೊಂಡವರು ಇದ್ದಾರೆ. ಅಡುಗೆಮನೆಯಿಂದ ಮರದ ಸಟ್ಟುಗ ತಂದು ಅದರ ಹಿಡಿಯಿಂದ ಮೆತ್ತಗೆ ಒತ್ತಿದೆ, ಬಿಟ್ಟುಕೊಂಡಿತು.

ಇನ್ನು ಆ 16 ಪಿನ್ ಕನೆಕ್ಟರ್. 2022ರಲ್ಲಿ ಎನ್‌ವಿಡಿಯಾದ 4090 ಕಾರ್ಡುಗಳಲ್ಲಿ ಇದು ಕರಗಿದ ಫೋಟೋಗಳನ್ನು ಎಲ್ಲರೂ ನೋಡಿದ್ದೀರಿ. ಪೂರ್ತಿ ಕೂರದೆ ಸಡಿಲ ಉಳಿದದ್ದು ಅದಕ್ಕೊಂದು ಮುಖ್ಯ ಕಾರಣ. ಆಮೇಲೆ ಬಂದ 12ವಿ-2ಎಕ್ಸ್6 ವಿನ್ಯಾಸದಲ್ಲಿ ಕೇಬಲ್ ಕೂತಿದೆಯಾ ಅಂತ ಗುರುತಿಸುವ ಚಿಕ್ಕ ಸೆನ್ಸ್ ಪಿನ್‌ಗಳನ್ನು ಇನ್ನೂ ಗಿಡ್ಡ ಮಾಡಿದ್ದಾರೆ, ಸರಿಯಾಗಿ ಕೂರದಿದ್ದರೆ ಕರೆಂಟೇ ಕೊಡಬಾರದು ಅಂತ. ಆದರೂ ಕಣ್ಣಾರೆ ನೋಡಿ. ನಾನು ಒತ್ತಿದೆ, ಕೂತಿತು ಅನ್ನಿಸಿತು. ಮೊಬೈಲ್ ಟಾರ್ಚ್ ಹಾಕಿ ಪಕ್ಕದಿಂದ ನೋಡಿದರೆ ಒಂದು ಮಿಲಿಮೀಟರ್ ಸಂದು, ಕೂದಲೆಳೆಯ ಹಾಗೆ ಬೆಳಕು ಆಚೆ ಕಾಣುತ್ತಿತ್ತು. ಇನ್ನೊಂದು ಕೈಯಿಂದ ಕಾರ್ಡಿಗೆ ಆಸರೆ ಕೊಟ್ಟು ಹೆಬ್ಬೆರಳಿನಿಂದ ನೇರವಾಗಿ ಒತ್ತಿದಾಗ 'ಟಿಕ್' ಅಂತ ತುಂಬಾ ಸಣ್ಣ ಸದ್ದು ಬಂತು, ಸಂದು ಮುಚ್ಚಿತು. ಫ್ಯಾನ್ ತಿರುಗುತ್ತಿದ್ದರೆ ಆ ಸದ್ದು ಕೇಳುವುದೇ ಇಲ್ಲ, ಕೋಣೆಯ ಫ್ಯಾನ್ ಆರಿಸಿ ಕೂತುಕೊಳ್ಳಿ. ಕನೆಕ್ಟರಿನಿಂದ ಮೂರೂವರೆ ಸೆಂಟಿಮೀಟರ್‌ವರೆಗೆ ಕೇಬಲ್ ಬಗ್ಗಿಸಬೇಡಿ.

ಸ್ಕ್ರೀನ್ ಬಂತು, ಡ್ರೈವರ್ ಹಾಕಿದೆ. ಬಯೋಸ್‌ನಲ್ಲಿ ರೀಸೈಜಬಲ್ ಬಾರ್ (ಪ್ರೊಸೆಸರ್‌ಗೆ ಕಾರ್ಡಿನ ಪೂರ್ತಿ ಮೆಮೊರಿ ಒಟ್ಟಿಗೆ ಸಿಗುವ ಸೆಟ್ಟಿಂಗ್) ಆನ್ ಇದೆಯಾ ನೋಡಿದೆ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್ ತೆರೆದು ಆರ್‌ಒಪಿ (ಕೊನೆಯಲ್ಲಿ ಪಿಕ್ಸೆಲ್ ಬರೆಯುವ ಘಟಕ) ಎಷ್ಟು ಅಂತಲೂ ನೋಡಿದೆ. ಶುರುವಿನಲ್ಲಿ ಬಂದ ಕೆಲವು ಕಾರ್ಡುಗಳಲ್ಲಿ 96ರ ಬದಲು 88 ಇದ್ದವು, ಎನ್‌ವಿಡಿಯಾನೇ 2025ರ ಫೆಬ್ರವರಿಯಲ್ಲಿ ಅದನ್ನು ಒಪ್ಪಿಕೊಂಡು ಬದಲಾಯಿಸಿ ಕೊಡುತ್ತೇವೆ ಅಂದಿತ್ತು. ನನ್ನದರಲ್ಲಿ 96 ಇತ್ತು.

ರಾತ್ರಿ ಊಟ ಮುಗಿಸಿ ಸೈಬರ್‌ಪಂಕ್ ತೆರೆದೆ. ಪಾತ್ ಟ್ರೇಸಿಂಗ್ ಹಾಕಿ ಎರಡು ನಿಮಿಷ ಆಗಿರಲಿಲ್ಲ, ಯುಪಿಎಸ್ ಎಡೆಬಿಡದೆ ಕೂಗಿಕೊಂಡಿತು, ಎಲ್ಲಾ ಕತ್ತಲು. ಎದೆ ಧಸಕ್ಕೆಂದಿತು. 77 ಸಾವಿರದ ಕಾರ್ಡ್ ಸುಟ್ಟುಹೋಯಿತು ಅಂದುಕೊಂಡೆ. ಬಗ್ಗಿ ವಾಸನೆ ನೋಡಿದೆ, ಏನೂ ಇಲ್ಲ. ಮತ್ತೆ ಆನ್ ಮಾಡಿದೆ, ಬಂತು. ಗೇಮ್ ತೆರೆದೆ, ಮತ್ತೆ ಕತ್ತಲು. ಕನೆಕ್ಟರ್ ಬಿಚ್ಚಿ ನೋಡಿದೆ, ಹೊಸದರ ಹಾಗೇ ಇತ್ತು. ಹನ್ನೊಂದು ಗಂಟೆಗೆ ಹೊಳೆಯಿತು, ಪ್ಲಗ್ಗನ್ನು ನೇರ ಗೋಡೆಗೆ ಹಾಕೋಣ ಅಂತ. ಹಾಕಿದೆ, ಒಂದು ತಾಸು ಆಡಿದರೂ ಏನೂ ಆಗಲಿಲ್ಲ.

ಯುಪಿಎಸ್ ಮೇಲೆ 600 ವಿಎ ಅಂತ ಇತ್ತು. ಅದು ಕೊಡುವುದು 360 ವ್ಯಾಟ್. 2060 ಇದ್ದಾಗ ಸಾಕಾಗುತ್ತಿತ್ತು, ಆ ಕಾರ್ಡ್ ಎಳೆಯುತ್ತಿದ್ದದ್ದೇ 160. ಈಗ ಕಾರ್ಡ್, ಪ್ರೊಸೆಸರ್, ಮಾನಿಟರ್ ಎಲ್ಲಾ ಸೇರಿ 430 ದಾಟುತ್ತೆ. ನಮ್ಮ ಕಡೆ ಮನೆಗಳಲ್ಲಿ ಇರುವುದು ಹೆಚ್ಚಾಗಿ ಈ 600 ವಿಎ ಯುಪಿಎಸ್ಸೇ. ಕಾರ್ಡ್ ಬಗ್ಗೆ ನಾನು ನೋಡಿದ ಯಾವ ವಿಡಿಯೋದಲ್ಲೂ ಇದರ ಮಾತೇ ಇರಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನಲ್ಲಿ ಯುಪಿಎಸ್ ಇಲ್ಲದೆ ಇದನ್ನು ಓಡಿಸಲು ನನಗೆ ಧೈರ್ಯವಿಲ್ಲ. 1100 ವಿಎ, 660 ವ್ಯಾಟಿನದು ತಂದೆ. ಇನ್ನೊಂದು ಆರು ಸಾವಿರ. ಒಟ್ಟು 94,000.

ಈಗ ಆಟದ ವಿಷಯ. ಸೈಬರ್‌ಪಂಕ್ 1440ಪಿ, ಪಾತ್ ಟ್ರೇಸಿಂಗ್, ಡಿಎಲ್‌ಎಸ್‌ಎಸ್ (ಚಿತ್ರ ಹಿಗ್ಗಿಸುವ ಎನ್‌ವಿಡಿಯಾ ತಂತ್ರ) ಕ್ವಾಲಿಟಿಯಲ್ಲಿ ಸೆಕೆಂಡಿಗೆ 55ರಿಂದ 65 ಫ್ರೇಮ್. ಫ್ರೇಮ್ ಜನರೇಷನ್ (ನಡುನಡುವೆ ಕೃತಕ ಫ್ರೇಮ್ ಸೇರಿಸುವುದು) ಎರಡು ಪಟ್ಟಿಗೆ ಹಾಕಿದರೆ ನೂರರ ಹತ್ತಿರ ಹೋಗುತ್ತೆ, ಕೈಗೆ ತಡ ಅನ್ನಿಸುವುದಿಲ್ಲ. ನಾಲ್ಕು ಪಟ್ಟು ಹಾಕಿದಾಗ ಅಂಕಿ ದೊಡ್ಡದು ಕಾಣುತ್ತೆ, ಆದರೆ ಓಡುವಾಗ ಅಂಚುಗಳಲ್ಲಿ ಚಿತ್ರ ಕದಡುತ್ತೆ, ನನಗೆ ಬೇಡ. ಮಳೆ ನಿಂತ ರಸ್ತೆಯ ಮೇಲೆ ಅಂಗಡಿ ದೀಪದ ಕೆಂಪು ಹರಡಿಕೊಂಡಿತ್ತು, ಒಂದು ಕಾರು ಹಾದುಹೋದಾಗ ಆ ಕೆಂಪು ಅದರ ಬಾಗಿಲ ಮೇಲೆ ಜಾರಿಕೊಂಡು ಹೋಯಿತು. ಆಟ ಬಿಟ್ಟು ಅಲ್ಲೇ ನಿಂತು ನೋಡುತ್ತಿದ್ದೆ.

ಶಾಖ ಪರವಾಗಿಲ್ಲ, ಎರಡು ತಾಸು ಆಡಿದರೂ 70 ಡಿಗ್ರಿ ದಾಟಿಲ್ಲ. ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರಿನಲ್ಲಿ ಪವರ್ ಲಿಮಿಟ್ ಶೇಕಡಾ 85ಕ್ಕೆ ಇಳಿಸಿದ್ದೇನೆ, ಮೂರು ನಾಲ್ಕು ಫ್ರೇಮ್ ಕಡಿಮೆ ಆಯಿತು ಅಷ್ಟೇ, ಫ್ಯಾನ್ ಸದ್ದು ಚೆನ್ನಾಗಿ ತಗ್ಗಿತು. ಕಾರ್ಡ್ ಭಾರಕ್ಕೆ ಬಾಗದ ಹಾಗೆ ಕೆಳಗೊಂದು ಆಸರೆ ಕೊಟ್ಟಿದ್ದೇನೆ.

ಹಳೇ 2060, 550 ವ್ಯಾಟಿನ ಸಪ್ಲೈ, ಆ 600 ವಿಎ ಯುಪಿಎಸ್ ಮೂರೂ ತಂಗಿ ಮಗನ ಕಂಪ್ಯೂಟರಿಗೆ ಹೋದವು. ಅವನದು 1080ಪಿ ಮಾನಿಟರ್, ಒಂದಕ್ಕೊಂದು ಸರಿಯಾಗಿ ಹೊಂದಿಕೊಂಡಿವೆ.